ಉಮ್ಮತ್ತಿಗೆ ಫೈಸೊಸ್ಟಿಗ್ಮಿನ್, ಮೈಗ್ರೇನಿಗೆ ಪ್ರೊಪ್ರಾನೊಲಾಲ್: ಕಾರಣ ಒಂದೇನಾ?

ಸಪ್ತಾಪುರ ಹುಡುಗಿ, ಧಾರವಾಡ

ಫಾರ್ಮಕಾಲಜಿ ಓದುತ್ತಿದ್ದೇನೆ. ಎರಡು ವಿಷಯ ತಲೆ ತಿನ್ನುತ್ತಿವೆ. ಉಮ್ಮತ್ತಿ ಕಾಯಿ ತಿಂದು ವಿಷ ಏರಿದವರಿಗೆ ಫೈಸೊಸ್ಟಿಗ್ಮಿನ್ ಕೊಡಬೇಕು, ನಿಯೋಸ್ಟಿಗ್ಮಿನ್ ಅಲ್ಲ ಅಂತಾರೆ. ಎರಡೂ ಕೋಲಿನೆಸ್ಟರೇಸ್ ಅನ್ನೇ, ಅಂದರೆ ನರಗಳ ಸಂದೇಶ ಒಯ್ಯುವ ಅಸೆಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನೇ, ತಡೆಯುತ್ತವೆ ಅಲ್ವಾ? ಹಾಗೇ ಮೈಗ್ರೇನ್ ಬರದಂತೆ ನೋಡಿಕೊಳ್ಳಲು ಪ್ರೊಪ್ರಾನೊಲಾಲ್, ಅಟೆನೊಲಾಲ್ ಅಲ್ಲ. ಎರಡೂ ಬೀಟಾ ಬ್ಲಾಕರ್, ಅಂದರೆ ಅಡ್ರಿನಲಿನ್ ಕೂರುವ ಬೀಟಾ ಗ್ರಾಹಕಗಳನ್ನು ತಡೆಯುವಂಥವು. ನೋಟ್ಸಿನಲ್ಲಿ ಎರಡಕ್ಕೂ 'ಮಿದುಳಿಗೆ ಹೋಗುತ್ತದೆ' ಅಂತ ಒಂದೇ ಕಾರಣ ಬರೆದಿದ್ದಾರೆ. ಸುಮ್ನೆ ಬಾಯಿಪಾಠ ಮಾಡಲು ಮನಸ್ಸಿಲ್ಲ. ಯಾರಾದರೂ ಬಿಡಿಸಿ ಹೇಳ್ತೀರಾ?

ಹಾವೇರಿ ಫಾರ್ಮಸಿಸ್ಟ್

ಮೊದಲನೆಯದಕ್ಕೆ ನಿಮ್ಮ ನೋಟ್ಸು ಪೂರ್ತಿ ಸರಿ. ಎರಡನೆಯದಕ್ಕೆ ಅರ್ಧ ಸರಿ.

ಉಮ್ಮತ್ತಿಯಲ್ಲಿ ಇರುವುದು ಅಟ್ರೋಪಿನ್, ಹಯೊಸಿನ್ ಇಂಥವು, ಅಸೆಟೈಲ್‌ಕೋಲಿನ್ ಕೆಲಸಕ್ಕೆ ಅಡ್ಡ ಬರುವಂಥವು. ಅದನ್ನು ತಿಂದವರನ್ನು ವಾರ್ಡಿನಲ್ಲಿ ನೋಡಿದರೆ ಮರೆಯಲ್ಲ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿರುತ್ತದೆ. ಮೈ ಬಿಸಿ, ಆದರೆ ಬೆವರಿನ ಹನಿ ಇಲ್ಲ. ಪಾಪೆ ಅಗಲ. ಮಲಗಿದಲ್ಲೇ ಗಾಳಿಯಲ್ಲಿ ಇಲ್ಲದ ದಾರ ಎಳೆಯುತ್ತಾರೆ, ಹೊದಿಕೆ ಕೀಳುತ್ತಾರೆ. ಈ ದಾರ ಎಳೆಯುವುದು ಮಿದುಳಿನ ಗಲಾಟೆ. ನಿಯೋಸ್ಟಿಗ್ಮಿನ್ ಕ್ವಾಟರ್ನರಿ ಅಣು, ಅದರ ನೈಟ್ರೋಜನ್ ಮೇಲೆ ಸದಾ ವಿದ್ಯುದಂಶ ಇರುತ್ತದೆ, ಮಿದುಳಿನ ತಡೆಗೋಡೆ ದಾಟಲ್ಲ. ಬಾಯಿ ಒದ್ದೆಯಾಗಬಹುದು, ಕರುಳು ಓಡಬಹುದು, ಭ್ರಮೆ ಮಾತ್ರ ಹಾಗೇ ಇರುತ್ತದೆ. ಫೈಸೊಸ್ಟಿಗ್ಮಿನ್ ಟರ್ಷಿಯರಿ, ಅಂದರೆ ಸದಾ ವಿದ್ಯುದಂಶ ಇರುವಂಥದ್ದಲ್ಲ, ಒಳಗೆ ಹೋಗುತ್ತದೆ. ಆದರೆ ಅದು ಎಲ್ಲ ಆಸ್ಪತ್ರೆಯಲ್ಲೂ ಸಿಗಲ್ಲ. ಇಲ್ಲದ ಕಡೆ ಲೊರಾಜೆಪಾಮ್ ಥರದ ಶಾಂತಗೊಳಿಸುವ ಔಷಧ ಕೊಟ್ಟು, ಜ್ವರ ಇಳಿಸಿ ಕಾಯುತ್ತಾರೆ.

ನಮ್ಮ ಕಡೆ ಇದಕ್ಕಿಂತ ಜಾಸ್ತಿ ಕಾಡುವುದು ಹತ್ತಿ, ಮೆಣಸಿನಕಾಯಿಗೆ ಹೊಡೆಯುವ ಎಣ್ಣೆ, ಅಂದರೆ ಆರ್ಗನೊಫಾಸ್ಫರಸ್ ಕೀಟನಾಶಕ. ಅದೂ ಕೋಲಿನೆಸ್ಟರೇಸ್ ಅನ್ನೇ ಕಟ್ಟಿಹಾಕುತ್ತದೆ. ಅಲ್ಲಿ ಎಲ್ಲ ಉಲ್ಟಾ. ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ, ಪಾಪೆ ಸೂಜಿ ಮೊನೆ. ಗ್ಲೈಕೊಪೈರೊಲೇಟ್ ಅಟ್ರೋಪಿನ್ ಥರದ್ದೇ, ಆದರೆ ಕ್ವಾಟರ್ನರಿ, ಮಿದುಳಿಗೆ ಹೋಗಲ್ಲ. ಅದಕ್ಕೇ ಅಟ್ರೋಪಿನ್ ಮುಖ್ಯ ಔಷಧ. ಎದೆ ಒಣಗುವವರೆಗೆ ಡೋಸ್ ಏರಿಸುತ್ತಾ ಹೋಗಬೇಕು, ಪಾಪೆ ನೋಡಿ ನಿಲ್ಲಿಸಬಾರದು. ಸ್ನಾಯು ಅದುರುವುದಕ್ಕೆ ಅಟ್ರೋಪಿನ್ ಏನೂ ಮಾಡಲ್ಲ, ಅದಕ್ಕೆ ಪ್ರಾಲಿಡಾಕ್ಸಿಮ್. ಇನ್ನೊಂದು, ಅಟ್ರೋಪಿನ್ ಅತಿಯಾದರೆ ಇದೇ ರೋಗಿಯೂ ದಾರ ಎಳೆಯಲು ಶುರು ಮಾಡುತ್ತಾನೆ! ಆಗ ಫೈಸೊಸ್ಟಿಗ್ಮಿನ್ ಕಡೆ ಕೈ ಹಾಕಬಾರದು. ಕೋಲಿನೆಸ್ಟರೇಸ್ ಮೊದಲೇ ಕಟ್ಟಿಹೋಗಿದೆ. ಅಟ್ರೋಪಿನ್ ಸ್ವಲ್ಪ ಹೊತ್ತು ನಿಲ್ಲಿಸಿ, ಮತ್ತೆ ಕಡಿಮೆ ಡೋಸಿನಲ್ಲಿ ಶುರು ಮಾಡುತ್ತಾರೆ.

ಈಗ ಮೈಗ್ರೇನ್. ಪ್ರೊಪ್ರಾನೊಲಾಲ್ ಕೊಬ್ಬಿನಲ್ಲಿ ಕರಗುತ್ತದೆ, ಮಿದುಳಿಗೆ ಹೋಗುತ್ತದೆ, ನಿಜ. ಆದರೆ ನಾಡೊಲಾಲ್ ನೀರಿನಲ್ಲಿ ಕರಗುವಂಥದ್ದು, ಅದೂ ಕೆಲಸ ಮಾಡುತ್ತದೆ. ಅಮೆರಿಕದ ನರರೋಗ ತಜ್ಞರ 2012ರ ಮಾರ್ಗಸೂಚಿಯಲ್ಲಿ ಪ್ರೊಪ್ರಾನೊಲಾಲ್, ಮೆಟೊಪ್ರೊಲಾಲ್, ಟಿಮೊಲಾಲ್ ಮೊದಲ ಸಾಲಿನಲ್ಲಿವೆ. ಅಟೆನೊಲಾಲ್, ನಾಡೊಲಾಲ್ ಎರಡನೇ ಸಾಲಿನಲ್ಲಿವೆ, ಹೊರಗಿಲ್ಲ. ಕೈಕೊಡುವುದು ಪಿಂಡೊಲಾಲ್ ಥರದವು, ಅಂದರೆ ಗ್ರಾಹಕವನ್ನು ತಡೆಯುತ್ತಲೇ ಸ್ವಲ್ಪ ಕೆರಳಿಸುವಂಥವು. ಪ್ರೊಪ್ರಾನೊಲಾಲ್ ಮೈಗ್ರೇನಿಗೆ ಆಗುತ್ತದೆ ಅಂತ ತಿಳಿದದ್ದೇ ಆಕಸ್ಮಿಕವಾಗಿ. ಎದೆನೋವಿಗೆ ಕೊಟ್ಟಾಗ ತಲೆನೋವೂ ತಗ್ಗಿತು ಅಂತ 1966ರಲ್ಲಿ ವರದಿ ಬಂತು. ಕಾರಣದ ಹುಡುಕಾಟ ಆಮೇಲಿನದು. ಪರೀಕ್ಷೆಯಲ್ಲಿ ಪ್ರೊಪ್ರಾನೊಲಾಲ್‌ಗೇ ಗುರುತು ಹಾಕಿ. ಅದು ಗೆದ್ದದ್ದು ಪ್ರಯೋಗಗಳ ಬಲದಿಂದ, ಬರೀ ಮಿದುಳಿಗೆ ಹೋಗುತ್ತದೆ ಅಂತಲ್ಲ.

ಗದಗ ತಲೆಶೂಲಿ

ಓದಿನವನಲ್ಲ, ಮೈಗ್ರೇನ್ ಇರುವವನು. ನನಗೆ ದಮ್ಮೂ ಇದೆ. ಬ್ಯಾಡಗಿ ಮಾರುಕಟ್ಟೆಗೆ ಹೋದರೆ ಘಾಟಿಗೇ ಉಬ್ಬಸ ಶುರು. ಅದಕ್ಕೆ ಡಾಕ್ಟರು ಪ್ರೊಪ್ರಾನೊಲಾಲ್ ಬೇಡವೇ ಬೇಡ ಅಂದರು, ಶ್ವಾಸನಾಳ ಬಿಗಿಯುತ್ತದಂತೆ. ಫ್ಲುನಾರಿಜಿನ್ ಕೊಟ್ಟರು. ತಲೆನೋವು ಇಳಿಯಿತು, ಹೊಟ್ಟೆ ಬಂತು, ಮಧ್ಯಾಹ್ನ ಅಂಗಡಿಯಲ್ಲೇ ತೂಕಡಿಕೆ. ಈಗ ರಾತ್ರಿ ಸಣ್ಣ ಡೋಸ್ ಅಮಿಟ್ರಿಪ್ಟಿಲಿನ್.

ಸಪ್ತಾಪುರ ಹುಡುಗಿ, ಧಾರವಾಡ

ತುಂಬಾ ಥ್ಯಾಂಕ್ಸ್ ಸರ್. ಅಮಿಟ್ರಿಪ್ಟಿಲಿನ್ ಅಂದದ್ದಕ್ಕೆ ಹೊಸ ಅನುಮಾನ. ಅದೂ ಬಾಯಿ ಒಣಗಿಸುತ್ತದೆ, ಅಟ್ರೋಪಿನ್ ಥರ. ಯಾರಾದರೂ ಅದನ್ನೇ ಜಾಸ್ತಿ ನುಂಗಿದರೆ ಆಗಲೂ ಫೈಸೊಸ್ಟಿಗ್ಮಿನ್ನಾ?

ಹಾವೇರಿ ಫಾರ್ಮಸಿಸ್ಟ್

ಬೇಡ. ಅಮಿಟ್ರಿಪ್ಟಿಲಿನ್ ಹೃದಯದ ಸೋಡಿಯಂ ಚಾನಲ್‌ಗಳನ್ನೂ ತಡೆಯುತ್ತದೆ. ಅದರ ಮೇಲೆ ಫೈಸೊಸ್ಟಿಗ್ಮಿನ್ ಕೊಟ್ಟು ಹೃದಯವೇ ನಿಂತ ಪ್ರಕರಣಗಳು ವರದಿಯಾಗಿವೆ. ಮೊದಲು ಇಸಿಜಿ. ಅದರಲ್ಲಿ ಕ್ಯುಆರ್‌ಎಸ್, ಅಂದರೆ ಹೃದಯದ ಕೆಳಕೋಣೆಗಳ ಬಡಿತ ತೋರಿಸುವ ಗೆರೆ, ಅಗಲವಾಗಿದ್ದರೆ ಸೋಡಿಯಂ ಬೈಕಾರ್ಬೊನೇಟ್.