ಇ-ರೀಡರ್‌ನ ‘ಸಿಂಕ್’: ‘ತಾಳೆ’ ಅಂದರೆ ಸಾಕೇ?

ಅಮೆಜಾನ್‌ನ ಇ-ಪುಸ್ತಕ ಓದುವ ಸಾಧನವಾದ ಕಿಂಡಲ್ ಹೊಸದಾಗಿ ಹಿಡಿದ ಹಿರಿಯರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ‘ಸಿಂಕ್’ (ಬೇರೆ ಬೇರೆ ಸಾಧನಗಳಲ್ಲಿ ಓದಿದ ಪುಟ, ಟಿಪ್ಪಣಿ ಒಂದೇ ಆಗಿರುವಂತೆ ಮಾಡುವುದು) ಎಂಬಲ್ಲಿ ಕೆಲಸ ನಿಂತಿದೆ. ಸುಮ್ನೆ ‘ಸಿಂಕ್ ಮಾಡಿ’ ಅಂತ ಬರೆಯಬಹುದು, ಫೋನ್ ಬಳಸುವವರಿಗೆ ಆ ಮಾತು ಗೊತ್ತು. ಆದರೆ ಒತ್ತಿದ ಮೇಲೆ ಒಳಗೆ ಏನಾಗುತ್ತದೆ ಅಂತ ಹೇಳಲು ನಮ್ಮದೇ ಕ್ರಿಯಾಪದ ಬೇಕು. ‘ಸಮನ್ವಯಗೊಳಿಸು’ ತೀರಾ ಭಾರ. ‘ಹೊಂದಾಣಿಕೆ’ ಅಂದರೆ ಜಗಳವಾಡಿದವರು ರಾಜಿಯಾದ ಹಾಗೆ ಕೇಳುತ್ತದೆ.

ನನಗೆ ಹಿಡಿಸಿದ್ದು ‘ತಾಳೆ’. ಲೆಕ್ಕ ತಾಳೆಯಾಯಿತಾ ಅಂತ ಕೇಳುತ್ತೇವಲ್ಲ, ಆ ತಾಳೆ. ನಾವು ಯಾವ ಪುಟದಲ್ಲಿದ್ದೇವೆ, ಎಲ್ಲಿ ಗೆರೆ ಎಳೆದಿದ್ದೇವೆ, ಏನು ಟಿಪ್ಪಣಿ ಬರೆದಿದ್ದೇವೆ ಎಂಬುದನ್ನು ಕಿಂಡಲ್ ಸರ್ವರ್‌ಗೆ, ಅಂದರೆ ಕಂಪನಿಯ ದೂರದ ಕಂಪ್ಯೂಟರ್‌ಗೆ, ಕಳಿಸುತ್ತದೆ. ಅದೇ ಪುಸ್ತಕವನ್ನು ಫೋನಿನ ಆ್ಯಪ್‌ನಲ್ಲಿ ತೆರೆದರೆ, ಆ್ಯಪ್ ತನ್ನ ಪುಟವನ್ನು ಸರ್ವರ್‌ನಲ್ಲಿರುವ ಪುಟದ ಜೊತೆ ತಾಳೆ ನೋಡುತ್ತದೆ.

ಆದರೆ ತಾಳೆ ನೋಡುವುದು ಬೇರೆ, ತಾಳೆಯಾಗದಿದ್ದಾಗ ಸರಿಮಾಡುವುದು ಬೇರೆ. ಇಲ್ಲೇ ನನ್ನ ತೊಡಕು. ಕಿಂಡಲ್ ಕೆಲವು ಸಲ ನಂಬುವುದು ‘ಎಲ್ಲಕ್ಕಿಂತ ಮುಂದೆ ಓದಿದ ಪುಟ’ವನ್ನು, ಈಗಷ್ಟೇ ಓದಿದ್ದನ್ನಲ್ಲ. ಗಂಡ ಹೆಂಡತಿ ಒಂದೇ ಖಾತೆಯಲ್ಲಿ ಒಂದೇ ಪುಸ್ತಕ ಓದುತ್ತಿದ್ದರೆ, ಆಗ ಹಿಂದೆ ಉಳಿದವರನ್ನು ಮುಂದಿನ ಪುಟಕ್ಕೆ ಕರೆಯುತ್ತದೆ. ಎರಡನೇ ಸಲ ಮೊದಲಿಂದ ಓದುವವರಿಗೂ ಇದೇ ಪಾಡು. ಈ ಕೆಲಸಕ್ಕೆ ‘ಹೊಂದಿಸಿಕೊಳ್ಳು’ ಸರಿ ಅನ್ನಿಸುತ್ತದೆ. ‘ತಾನಾಗಿಯೇ ಹೊಂದಿಸಿಕೊಳ್ಳುತ್ತದೆ’ ಅಂದರೆ ನಾವು ಕೈ ಹಾಕಬೇಕಿಲ್ಲ ಎಂಬುದೂ ‘ಕೊಳ್ಳು’ವಿನಲ್ಲೇ ಬಂತು, ಅಲ್ವಾ? ಹೊಸ ಪುಸ್ತಕ ಬಂದಿಳಿಯುವುದೂ ಅದೇ ಸಿಂಕ್ ಗುಂಡಿಯಿಂದ. ಅದಕ್ಕೆ ‘ತರಿಸಿಕೊಳ್ಳಿ’ ಸಾಕು.

ಇನ್ನೊಂದು ಪದ ‘ವೈರ್‌ಲೆಸ್’. ಇದನ್ನು ‘ವೈಫೈ’ ಅಂತ ಬರೆದುಬಿಟ್ಟರೆ ಹಳೆಯ ಸಾಧನಗಳ ವಿಷಯದಲ್ಲಿ ತಪ್ಪಾಗುತ್ತದೆ. 2007ರಲ್ಲಿ ಅಮೆರಿಕದಲ್ಲಿ ಬಂದ ಮೊದಲ ಕಿಂಡಲ್‌ನಲ್ಲಿ ವೈಫೈ ಇರಲೇ ಇಲ್ಲ. ಅದು ಸ್ಪ್ರಿಂಟ್ ಕಂಪನಿಯ ಮೊಬೈಲ್ ಜಾಲದಿಂದ ಪುಸ್ತಕ ತರಿಸಿಕೊಳ್ಳುತ್ತಿತ್ತು. ಕಿಂಡಲ್‌ಗೆ ವೈಫೈ ಬಂದದ್ದು 2010ರಲ್ಲಿ. ‘ನಿಸ್ತಂತು’ ಎರಡಕ್ಕೂ ಹೊಂದುತ್ತದೆ ನಿಜ, ಆದರೆ ಮನೆಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಕೈಪಿಡಿಯಲ್ಲಿ ‘ವೈರ್‌ಲೆಸ್’ ಅಂತಲೇ ಇಟ್ಟಿದ್ದೇನೆ.

ಸಂಪರ್ಕ ಇಲ್ಲದಿರುವುದಕ್ಕೂ ಬೇರೆ ಬೇರೆ ಮಾತು ಬೇಕು. ಬ್ಯಾಟರಿ ಉಳಿಸಲು ಏರ್‌ಪ್ಲೇನ್ ಮೋಡ್ ಹಾಕಿದರೆ ಅದು ನಾವೇ ‘ಆಫ್ ಮಾಡಿದ್ದು’. ರೂಟರ್ ದೂರವಿದ್ದರೆ ‘ಸಿಗ್ನಲ್ ಸಿಗುತ್ತಿಲ್ಲ’. ಇವೆರಡು ಸುಲಭ. ಆದರೆ ಸಾಧನ ಸ್ಲೀಪ್‌ಗೆ ಹೋಗಿ ಸ್ವಲ್ಪ ಹೊತ್ತಾದ ಮೇಲೆ ತಾನೇ ವೈಫೈ ಬಿಡುತ್ತದೆ, ಎಬ್ಬಿಸಿದಾಗ ಮತ್ತೆ ಹಿಡಿಯುತ್ತದೆ. ಇದನ್ನು ‘ಕಟ್ ಆಯಿತು’ ಅಂದರೆ ಏನೋ ಕೆಟ್ಟಿದೆ ಅಂತ ಹಿರಿಯರು ಗಾಬರಿಯಾಗುತ್ತಾರೆ. ಕೆಟ್ಟಿಲ್ಲ, ಅದರ ರೀತಿಯೇ ಹಾಗೆ ಎಂಬುದು ಒಂದೇ ಮಾತಲ್ಲಿ ತಿಳಿಯಬೇಕು.

ಧಾರವಾಡ, ಮಂಗಳೂರು, ಮೈಸೂರು ಕಡೆಯವರು ಹೀಗೆ ಸಾಧನ ತಾನೇ ವೈಫೈ ಬಿಡುವುದಕ್ಕೆ ಮನೆಯಲ್ಲಿ ಏನನ್ನುತ್ತೀರಿ? ‘ತಾಳೆ’ ಇಂದಿನ ಹುಡುಗರಿಗೂ ಅರ್ಥವಾಗುತ್ತದೆಯೇ ಎಂಬುದನ್ನೂ ದಯವಿಟ್ಟು ಕೇಳಿ ತಿಳಿಸಿ.