ಪದಚರ್ಚೆ: ಬೋನ್ಸಾಯ್ ಕುಂಡವನ್ನು 'ಪಿಂಗಾಣಿ ತಟ್ಟೆ' ಅನ್ನಬಹುದೆ?

ಪ್ರಶ್ನೆ

ನಮಸ್ಕಾರ. ಬೋನ್ಸಾಯ್ ಮರಗಳಿಗೆ ಕೈಯಲ್ಲೇ ಕುಂಡ ಮಾಡುವುದನ್ನು ಕಲಿಸುವ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಕರಡಿನ ಒಂದು ವಾಕ್ಯ ಹೀಗಿದೆ: 'ಪಿಂಗಾಣಿ ತಟ್ಟೆಯ ಗೋಡೆಗಳನ್ನು ಚರ್ಮದಷ್ಟು ಗಟ್ಟಿಯಾದಾಗ ಜೋಡಿಸಿ, ಒಣಗಿಸಿ, ಕುಲುಮೆಯಲ್ಲಿ ಬೇಯಿಸಿ.' ಓದಿದ ಕುಂಬಾರರಿಗೆ ಇದು ಅರ್ಥವಾಗಲಿಲ್ಲ. ಮಣ್ಣಿಗೆ ಬೆರೆಸುವ, ಮೊದಲೇ ಸುಟ್ಟ ಮಣ್ಣಿನ ಕಾಳಾದ ಗ್ರಾಗ್‌ಗೆ 'ಇಟ್ಟಿಗೆ ಪುಡಿ' ಎಂದು ಬರೆದಿದ್ದೇವೆ, ಅದೂ ಸರಿಯೆನಿಸುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ. ಹೊಸ ಪದ ಕಟ್ಟುವುದಕ್ಕಿಂತ ಬಳಕೆಯಲ್ಲಿರುವ ಪದ ಸಿಕ್ಕರೆ ಒಳ್ಳೆಯದು.

ಉತ್ತರ 1

ಪಿಂಗಾಣಿ ಎಂದೊಡನೆ ನಮಗೆ ನೆನಪಾಗುವುದು ಉಪ್ಪಿನಕಾಯಿ ಜಾಡಿ, ಚಹಾದ ಕಪ್ಪು-ಬಸಿ. ಒಳಗೂ ಹೊರಗೂ ಮೆರುಗು (ಗ್ಲೇಜ್) ಹಾಕಿದ ನುಣುಪು ಸಾಮಾನು. ಬೋನ್ಸಾಯ್ ಕುಂಡದ ಒಳಮೈಗೆ ಮೆರುಗು ಹಾಕುವುದಿಲ್ಲ. ಬಾಯಂಚಿನಿಂದ ಒಂದು ಸೆಂ.ಮೀ. ಒಳಗಿಳಿದು ಗ್ಲೇಜ್ ನಿಂತುಬಿಡಬೇಕು. ಪೈನ್, ಜುನಿಪರ್ ಜಾತಿಯ ಮರಗಳಿಗೆ ಹೊರಮೈಯಲ್ಲೂ ಮೆರುಗಿಲ್ಲದ ಕುಂಡವೇ ವಾಡಿಕೆ. ಜಪಾನಿನ ಐಚಿ ಪ್ರಾಂತದ ತೊಕೊನಾಮೆ ಊರಿನ ಕಬ್ಬಿಣದಂಶವುಳ್ಳ ಕೆಂಪು-ಕಂದು ಕುಂಡಗಳು, ಚೀನಾದ ಯೀಶಿಂಗ್‌ನ ನೇರಳೆ ಛಾಯೆಯ ಕುಂಡಗಳು ಹೆಸರಾಗಿರುವುದು ಮಣ್ಣಿನ ಬಣ್ಣಕ್ಕೇ. ಎಲೆ ಉದುರಿಸುವ, ಹೂಹಣ್ಣು ಬಿಡುವ ಮರಗಳಿಗೆ ಮೆರುಗಿನ ಕುಂಡ ಒಪ್ಪುತ್ತದೆ. ಕೈಪಿಡಿಯಲ್ಲಿ 'ಪಿಂಗಾಣಿ' ಎಂದು ಬರೆದರೆ ಕಲಿಯುವವರು ಒಳಗೆಲ್ಲ ಗ್ಲೇಜ್ ಬಳಿಯುತ್ತಾರೆ. 'ಸ್ಟೋನ್‌ವೇರ್ ಮಣ್ಣಿನ ಕುಂಡ' (ಹೆಚ್ಚು ಶಾಖಕ್ಕೆ ಸುಟ್ಟು ಕಲ್ಲಾಗಿಸಿದ ಮಣ್ಣಿನದು) ಎನ್ನಿ, ಮೆರುಗು ಹಾಕಿದ್ದು, ಹಾಕದ್ದು ಎಂದು ಬೇರೆಯಾಗಿ ಹೇಳಿ.

ಇದೇ ಎಡೆಯಲ್ಲಿ ಇನ್ನೊಂದು ತಪ್ಪು ನುಸುಳುತ್ತದೆ: ಮೆರುಗಿಲ್ಲದ ಕುಂಡ 'ಉಸಿರಾಡುತ್ತದೆ' ಎಂಬುದು. 1,200 ಡಿಗ್ರಿ ಸೆಲ್ಸಿಯಸ್ ದಾಟಿ ಸುಟ್ಟು ಕಲ್ಲಾದ ಮಣ್ಣಿನಲ್ಲಿ ಗಾಳಿ ಹಾಯುವಷ್ಟು ರಂಧ್ರಗಳು ಉಳಿದಿರುವುದಿಲ್ಲ. ಬೇರಿಗೆ ಗಾಳಿ ಸಿಗುವುದು ತಳದ ತೂತುಗಳಿಂದ ಮತ್ತು ದಪ್ಪ ಕಾಳಿನ ನೆಡುಮಣ್ಣಿನಿಂದ. ಯಾವ ಮರಕ್ಕೆ ಯಾವ ಮೈ ಎಂಬುದು ಕಣ್ಣಿಗೆ ಸಂಬಂಧಿಸಿದ ಆಯ್ಕೆ.

ಇನ್ನು 'ತಟ್ಟೆ'. 'ಬೋನ್' ಎಂದರೆ ತಟ್ಟೆಯಂಥ ಅಗಲ ಪಾತ್ರೆ, 'ಸಾಯ್' ಎಂದರೆ ನೆಡುವುದು. ಇದನ್ನು ನೋಡಿಯೇ ಕರಡಿನವರು 'ತಟ್ಟೆ' ಎಂದಿರಬೇಕು. ಹರಿವಾಣ, ಮರಿಗೆ ಎಂಬ ಸಲಹೆಗಳೂ ಬರಬಹುದು. ಆದರೆ ಜೋಲುವ ಮರಕ್ಕೆ ಬಳಸುವ ಕುಂಡ ಅಗಲಕ್ಕಿಂತ ಎತ್ತರವೇ ಹೆಚ್ಚು. ಅದನ್ನು ತಟ್ಟೆ ಎನ್ನಲಾಗದು. ಹರಿವಾಣಕ್ಕೆ ತೂತೂ ಇಲ್ಲ, ಕಾಲೂ ಇಲ್ಲ. ಜಪಾನೀಯರೇ ಬೋನ್ಸಾಯ್ ಕುಂಡಕ್ಕೂ ಸಾಮಾನ್ಯ ಹೂಕುಂಡಕ್ಕೂ 'ಹಾಚಿ' ಎಂಬ ಒಂದೇ ಪದ ಬಳಸುತ್ತಾರೆ. ಆ ಪದದ ಮೂಲ ಬೌದ್ಧ ಭಿಕ್ಷುಗಳ 'ಪಾತ್ರ': ಸಂಸ್ಕೃತದಿಂದ ಚೀನಾಕ್ಕೆ ಹೋಗಿ, ಅಲ್ಲಿ ಮೊಟಕಾಗಿ ಜಪಾನಿಗೆ ದಾಟಿದ್ದು. ನಮ್ಮ 'ಪಾತ್ರೆ'ಯ ಬಳಗವೇ ಅದು. ಹಾಗಾಗಿ 'ಬೋನ್ಸಾಯ್ ಕುಂಡ' ಸಾಕು. ಆಳ ಕಡಿಮೆಯಿರುವುದನ್ನು ಮಾತ್ರ 'ತಟ್ಟೆಕುಂಡ' ಎನ್ನಿ. ಬಾಯಿಯ ಸುತ್ತಿನ ಭಾಗಕ್ಕೆ ಮಡಕೆಯ 'ಕಂಠ'ವನ್ನು ತರಬೇಡಿ. ಇಲ್ಲಿ ಕುತ್ತಿಗೆಯೇ ಇಲ್ಲ, 'ಬಾಯಂಚು' ಸರಿಯಾದ ಪದ.

'ಚರ್ಮದಷ್ಟು ಗಟ್ಟಿ' ಎಂಬುದು ಇಂಗ್ಲಿಷಿನ 'ಲೆದರ್ ಹಾರ್ಡ್' ಎಂಬುದರ ನೆರಳು. ಕನ್ನಡದಲ್ಲಿ ಇದಕ್ಕೆ ಎರಡು ಕ್ರಿಯಾಪದಗಳು ಮೊದಲೇ ಇವೆ: ಆರುವುದು, ಒಣಗುವುದು. ಮೇಲಿನ ಪಸೆ ಹೋಗಿ, ಬೆರಳೊತ್ತಿದರೆ ಅಚ್ಚು ಮೂಡದೆ, ಚಾಕುವಿಗೆ ಮಾತ್ರ ಸಲೀಸಾಗಿ ಕತ್ತರಿಸುವ ಸ್ಥಿತಿ 'ಆರಿದ ಹದ'. ಬಣ್ಣ ಬಿಳುಪೇರಿ, ಕೆನ್ನೆಗೆ ಹಿಡಿದರೆ ತಂಪು ತಟ್ಟದ ಸ್ಥಿತಿ 'ಒಣಗಿದ್ದು'. ಈ ಎರಡನ್ನು ಬೆರೆಸಿದರೆ ಕೆಲಸವೇ ಕೆಡುತ್ತದೆ. ಹಸಿ ಮಣ್ಣಿನ ಹಾಳೆಯನ್ನು ನಿಲ್ಲಿಸಿದರೆ ಗೋಡೆ ಕುಸಿಯುತ್ತದೆ, ಒಣಗಿದ್ದಕ್ಕೆ ಜೋಡಿಸಿದರೆ ಬೆಸುಗೆ ಬಿಡುತ್ತದೆ.

ಕೆಲಸದ ಕ್ರಮ ಗೊತ್ತಿದ್ದರೆ ಪದ ತಾನಾಗಿ ಕೂರುತ್ತದೆ. 30 ಸೆಂ.ಮೀ. ಉದ್ದದ ಆಯತಾಕಾರದ ಕುಂಡಕ್ಕೆ ಮಣ್ಣನ್ನು 8ರಿಂದ 10 ಮಿ.ಮೀ. ದಪ್ಪದ ಹಾಳೆಯಾಗಿ ಲಟ್ಟಿಸಬೇಕು. ಒಂದೇ ದಿಕ್ಕಿಗೆ ಲಟ್ಟಿಸಿದರೆ ಸುಡುವಾಗ ಸೊಟ್ಟಗಾಗುತ್ತದೆ, ಆದ್ದರಿಂದ ಹಾಳೆಯನ್ನು ತಿರುಗಿಸಿ, ಮಗುಚಿ ಲಟ್ಟಿಸುತ್ತಾರೆ. ಎರಡು ಹಲಗೆಗಳ ನಡುವೆ ಕಾಗದ ಹಾಸಿ ಆರಲು ಬಿಟ್ಟು, ಆರಿದ ಹದದಲ್ಲಿ ತಳವನ್ನೂ ನಾಲ್ಕು ಗೋಡೆಗಳನ್ನೂ ಕತ್ತರಿಸಬೇಕು. ಮೂಲೆಗಳಲ್ಲಿ ಅಂಚನ್ನು 45 ಡಿಗ್ರಿ ಓರೆಯಾಗಿ ಕೊಯ್ದು, ಕೂಡುವ ಎರಡೂ ಮೈಗಳನ್ನು ಗೀರಿ, ಮೊಸರಿನಷ್ಟು ಗಟ್ಟಿಯಾದ ಕೆಸರು ಹಚ್ಚಿ ಒತ್ತಬೇಕು (ಸ್ಟುಡಿಯೊದಲ್ಲಿ ಇದಕ್ಕೆ ಸ್ಲಿಪ್ ಎನ್ನುತ್ತಾರೆ, ಹಾಗೇ ಇಟ್ಟರೂ ತೊಂದರೆಯಿಲ್ಲ). ಒಳಮೂಲೆಗೆ ತೆಳುವಾದ ಮಣ್ಣಿನ ಎಳೆ ಕೂರಿಸಿ ತೀಡಿದರೆ ಬೆಸುಗೆ ಬಲವಾಗುತ್ತದೆ.

ನೀರು ಬಸಿಯುವ ತೂತು, ತಂತಿ ತೂತು ಎರಡಕ್ಕೂ ಬೇರೆ ಹೆಸರು ಬೇಕು. ಬಸಿತೂತು ಸುಮಾರು 20 ಮಿ.ಮೀ. ಅಗಲ, 30 ಸೆಂ.ಮೀ. ಕುಂಡಕ್ಕೆ ಎರಡಾದರೂ ಬೇಕು. ತಂತಿತೂತು 4-5 ಮಿ.ಮೀ. ಮರ ಅಲುಗದಂತೆ ಬೇರುಗಡ್ಡೆಯನ್ನು ಬಿಗಿಯುವ ತಂತಿ ಅದರಲ್ಲಿ ಹಾಯುತ್ತದೆ. ತೂತು ಕೊರೆದಾಗ ಒಳಗೆ ಏಳುವ ಅಂಚನ್ನು ಸವರಿ ಮಟ್ಟಮಾಡದಿದ್ದರೆ ನೀರು ಅದರ ಸುತ್ತಲೇ ನಿಂತು ಬೇರು ಕೊಳೆಯುತ್ತದೆ. ಹೊಸಬರ ಕುಂಡಗಳಲ್ಲಿ ಹೆಚ್ಚಾಗಿ ಕಾಣುವ ದೋಷ ಇದೇ. ಕಾಲುಗಳು 8-10 ಮಿ.ಮೀ. ಎತ್ತರವಿದ್ದರೆ ನೀರು ಹೊರಹರಿಯಲು ದಾರಿಯಾಗುತ್ತದೆ.

ಗ್ರಾಗ್‌ಗೆ 'ಪುಡಿ' ಬೇಡ, 'ನುಚ್ಚು' ಎನ್ನಿ. ಬೇಕಾದದ್ದು ಅರ್ಧ ಮಿ.ಮೀ. ಆಸುಪಾಸಿನ ಕಾಳು. ಸುಟ್ಟು ಒಮ್ಮೆ ಕುಗ್ಗಿದ ಈ ನುಚ್ಚು ಮತ್ತೆ ಹೆಚ್ಚು ಕುಗ್ಗುವುದಿಲ್ಲವಾದ್ದರಿಂದ ಹಾಳೆ ಸೊಟ್ಟಗಾಗುವುದೂ ಬಿರಿಯುವುದೂ ಕಡಿಮೆಯಾಗುತ್ತದೆ. ನೂರಕ್ಕೆ 10ರಿಂದ 20 ಪಾಲು ಬೆರೆಸುತ್ತಾರೆ. 'ಇಟ್ಟಿಗೆ' ಎನ್ನುವುದೂ ಅಪಾಯ: ಕಟ್ಟಡದ ಕೆಂಪು ಇಟ್ಟಿಗೆ ಸ್ಟೋನ್‌ವೇರ್ ಶಾಖಕ್ಕೆ ಕರಗಿ ಉಬ್ಬಬಹುದು. ಒಲೆಗೂಡಿಗೆ ಬಳಸುವ ಶಾಖ ತಡೆಯುವ ಇಟ್ಟಿಗೆಯ ನುಚ್ಚು ಆಗಬೇಕು. 'ಸುಟ್ಟ ಮಣ್ಣಿನ ನುಚ್ಚು' ಎಂದರೆ ತಿಳಿಯುತ್ತದೆ.

ಕರಡಿನ ವಾಕ್ಯವನ್ನು ಹೀಗೆ ಮಾಡಬಹುದು: 'ಹಾಳೆ ಆರಿದ ಹದಕ್ಕೆ ಬಂದಾಗ ಕುಂಡದ ಗೋಡೆಗಳನ್ನು ಜೋಡಿಸಿ, ಪೂರ್ತಿ ಒಣಗಿದ ಮೇಲೆ ಗೂಡಿನಲ್ಲಿಟ್ಟು ಸುಡಿ.'

ಉತ್ತರ 2

ಮೇಲಿನವರ ಮಾತಿಗೆ ನನ್ನ ಸಹಮತವಿದೆ. 'ಗೂಡು' ಯಾಕೆ, 'ಕುಲುಮೆ' ಯಾಕಲ್ಲ ಎಂಬುದನ್ನಷ್ಟು ಸೇರಿಸುತ್ತೇನೆ. ಕುಲುಮೆ ಕಮ್ಮಾರರದು: ತಿದಿಯೊತ್ತಿ ಕಬ್ಬಿಣ ಕಾಯಿಸುವ ಜಾಗ. ಕುಂಬಾರರದು ಆವಿಗೆ. ಮಡಕೆಗಳನ್ನೂ ಸೌದೆ, ಹುಲ್ಲು, ಬೆರಣಿಗಳನ್ನೂ ಒಟ್ಟಿ ಮಣ್ಣು ಮೆತ್ತಿ ಸುಡುವ ಆ ಪದ್ಧತಿಯಲ್ಲಿ ಶಾಖ ಸ್ಟೋನ್‌ವೇರ್ ಮಟ್ಟಕ್ಕೆ ಏರುವುದಿಲ್ಲ. ಆದ್ದರಿಂದ 1,200 ಡಿಗ್ರಿ ಏರುವ ವಿದ್ಯುತ್ ಅಥವಾ ಗ್ಯಾಸ್ ಸಾಧನವನ್ನು ಆವಿಗೆ ಎಂದರೆ ಓದುಗರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಇಟ್ಟಿಗೆಗೂಡು, ಸುಣ್ಣದ ಗೂಡು ಎನ್ನುವ ರೂಢಿಯಿರುವುದರಿಂದ 'ಗೂಡು' ಇಲ್ಲಿ ಹೊಂದುತ್ತದೆ. ಕ್ರಿಯಾಪದವೂ 'ಸುಡು'ವೇ ಇರಲಿ. 'ಬೆಂದಿದೆ' ಎಂಬುದನ್ನು ಫಲ ಹೇಳುವಾಗ ಬಳಸಬಹುದು: ಕುಂಡ ಚೆನ್ನಾಗಿ ಬೆಂದಿದೆ, ಇದು ಅರೆಬೆಂದದ್ದು.

ಬೆಂದಿದೆಯೇ ಎಂದು ತಿಳಿಯಲು ಸುಟ್ಟ ತುಂಡೊಂದನ್ನು ತೂಗಿ, 5 ಗಂಟೆ ನೀರಿನಲ್ಲಿ ಕುದಿಸಿ, 24 ಗಂಟೆ ಅದೇ ನೀರಿನಲ್ಲಿ ಬಿಟ್ಟು, ಒರೆಸಿ ಮತ್ತೆ ತೂಗಬೇಕು. 200 ಗ್ರಾಂ ಇದ್ದದ್ದು 206 ಆದರೆ ನೀರು ಹೀರುವಿಕೆ ನೂರಕ್ಕೆ 3. ಹಿಮ ಬೀಳುವ ನಾಡಿನಲ್ಲಿ ಇದಕ್ಕಿಂತ ಹೆಚ್ಚಿದ್ದರೆ ಅಪಾಯ. ಹೀರಿದ ನೀರು ಹೆಪ್ಪುಗಟ್ಟಿ ಹಿಗ್ಗಿ ಗೋಡೆಯನ್ನು ಸೀಳುತ್ತದೆ. ಬೆಂಗಳೂರು, ಮೈಸೂರುಗಳಲ್ಲಿ ಆ ಭಯವಿಲ್ಲ. ಆದರೂ ಅರೆಬೆಂದ ಕುಂಡದ ಮೈಮೇಲೆ ಗಡಸು ನೀರಿನ ಬಿಳಿ ಉಪ್ಪು ಹೊಮ್ಮುತ್ತದೆ, ಬಾಯಂಚು ಬೇಗ ಮುಕ್ಕಾಗುತ್ತದೆ.

'ಕುಗ್ಗುವಿಕೆ'ಯ ಲೆಕ್ಕವನ್ನು ಕೈಪಿಡಿಯಲ್ಲಿ ಬಿಡಿಸಿ ಹೇಳಿ. ಹಸಿಮಣ್ಣಿನ ಪಟ್ಟಿಯ ಮೇಲೆ 10 ಸೆಂ.ಮೀ. ಗೆರೆ ಗೀರಿ ಸುಟ್ಟಾಗ ಅದು 8.8 ಆದರೆ ಕುಗ್ಗುವಿಕೆ ನೂರಕ್ಕೆ 12. ಸುಟ್ಟ ಮೇಲೆ 30 ಸೆಂ.ಮೀ. ಉಳಿಯಬೇಕಾದರೆ 30ಕ್ಕೆ 12 ಪಾಲು ಸೇರಿಸುವುದಲ್ಲ (33.6 ಬರುತ್ತದೆ, ಕುಂಡ ಚಿಕ್ಕದಾಗುತ್ತದೆ). 30ನ್ನು 0.88ರಿಂದ ಭಾಗಿಸಬೇಕು, ಅಂದರೆ ಸುಮಾರು 34.1 ಸೆಂ.ಮೀ. ಅಳತೆಗೆ ಕತ್ತರಿಸಬೇಕು. ಸುಡುವಾಗ ಕುಂಡ ಹೀಗೆ ಒಳಕ್ಕೆ ಸರಿಯುವುದರಿಂದ ಕಾಲುಗಳು ಗೂಡಿನ ಹಲಗೆಗೆ ಕಚ್ಚಿಕೊಂಡರೆ ತಳ ಬಿರಿಯುತ್ತದೆ. ಉದ್ದದ ಕುಂಡಗಳಡಿಗೆ ಅಲ್ಯುಮಿನಾ ಪುಡಿ (ಆ ಶಾಖಕ್ಕೂ ಕರಗದ, ಅಂಟದ ಬಿಳಿ ಪುಡಿ) ಉದುರಿಸಬೇಕು, ಇಲ್ಲವೇ ಅದೇ ಮಣ್ಣಿನ ಹಸಿ ಹಾಳೆಯನ್ನು ಒಣಗಿಸಿ ಕೆಳಗಿಟ್ಟು ಮೊದಲ ಸುಡುವಿಕೆಯಿಂದಲೇ ಜೊತೆಗೆ ಸುಡಬೇಕು. ಕುಂಡದೊಂದಿಗೆ ಅದೂ ಅಷ್ಟೇ ಕುಗ್ಗುತ್ತದೆ.