35 ವರ್ಷ ವಿಧಾನಸಭೆ ಸಚಿವಾಲಯದಲ್ಲಿ ದುಡಿದ ನಮ್ ಸರ್ ರಿಟೈರ್ ಆಗ್ತಿದಾರೆ, ಶಾಲು ಹಾರ ಬಿಟ್ಟು ಇನ್ನೇನ್ ಮಾಡ್ಬಹುದು?

ಪ್ರಶ್ನೆಶಾಖೆ_ಹುಡುಗಿ:
ಎಲ್ರಿಗೂ ನಮಸ್ಕಾರ. ನಾನು ವಿಧಾನಸಭೆ ಸಚಿವಾಲಯದಲ್ಲಿ ಕಿರಿಯ ಸಹಾಯಕಿ, ಸೇರಿ ನಾಕು ವರ್ಷ ಆಯ್ತು. ನಮ್ ಶಾಖಾಧಿಕಾರಿಗಳು ಈ ತಿಂಗಳ ಕೊನೇ ದಿನ ನಿವೃತ್ತಿ ಆಗ್ತಿದಾರೆ. 1990ರಲ್ಲಿ ಎಸ್.ಎಂ. ಕೃಷ್ಣ ಅವ್ರು ಸ್ಪೀಕರ್ ಆಗಿದ್ದಾಗ ಟೈಪಿಸ್ಟ್ ಆಗಿ ಸೇರಿದೋರು. ಟೈಪ್‌ರೈಟರ್ ಹೋಗಿ ಕಂಪ್ಯೂಟರಲ್ಲಿ ಕನ್ನಡ ಟೈಪ್ ಮಾಡೋ ನುಡಿ ತಂತ್ರಾಂಶ ಬಂತು, 2006ರಲ್ಲಿ ಬೆಳಗಾವೀಲಿ ಮೊದಲನೇ ಅಧಿವೇಶನ ಆದಾಗ ಅಲ್ಲಿನ್ನೂ ಸುವರ್ಣ ಸೌಧ ಇರ್ಲಿಲ್ಲ, ಆಗ್ಲೂ ಟ್ರಂಕಲ್ಲಿ ಫೈಲ್ ತುಂಬ್ಕೊಂಡು ಹೋಗಿದ್ರಂತೆ.

ಹೊರಗಿನವ್ರಿಗೆ ನಮ್ ಕೆಲ್ಸ ಏನು ಅಂತ ಗೊತ್ತಿರಲ್ಲ, ಅದಕ್ಕೆ ಸ್ವಲ್ಪ ಹೇಳ್ತೀನಿ. ಚುಕ್ಕೆ ಗುರುತಿನ ಪ್ರಶ್ನೆ ಅಂದ್ರೆ ಮಂತ್ರಿಗಳು ಸದನದಲ್ಲೇ ಎದ್ದು ಉತ್ತರ ಹೇಳ್ಬೇಕು, ಚುಕ್ಕೆ ರಹಿತ ಅಂದ್ರೆ ಬರಹದಲ್ಲಿ ಕೊಟ್ರೆ ಸಾಕು. ಶಾಸಕರು ಕಳ್ಸೋ ಪ್ರಶ್ನೆ ಕೆಲವ್ಸಲ ಒಂದೇ ಉಸಿರಲ್ಲಿ ಮೂರು ಇಲಾಖೆ ಮುಟ್ಟಿರತ್ತೆ, ಅದನ್ನ ನಿಯಮಕ್ಕೆ ಸರಿಯಾಗಿ ಅ, ಆ, ಇ ಅಂತ ಬಿಡಿಸಿ, ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ಕಳ್ಸಿ, ಉತ್ತರ ಬರೋತನಕ ಫೋನ್ ಮೇಲೆ ಫೋನ್ ಮಾಡ್ಬೇಕು. ಸರ್ ಪ್ರಶ್ನೆ ತಿದ್ದೋದನ್ನ ನೀವು ನೋಡ್ಬೇಕು. ಒಂದು ಕೆಂಪು-ನೀಲಿ ಪೆನ್ಸಿಲ್ ಇದೆ, ಎರಡೂ ತುದಿ ಬ್ಲೇಡಲ್ಲಿ ಹೆರೆದಿರತ್ತೆ, ತೆಗೀಬೇಕಾದ್ದಕ್ಕೆ ಕೆಂಪು, ಸೇರಿಸ್ಬೇಕಾದ್ದಕ್ಕೆ ನೀಲಿ. ಒಂದ್ಸಲ ನಾನು ಕೆರೆ ಹೂಳೆತ್ತೋ ಪ್ರಶ್ನೇಲಿ ವಾಕ್ಯ ಉದ್ದ ಆಯ್ತು ಅಂತ ಊರಿನ ಹೆಸರು ಬಿಟ್ಟು ಬರೀ ತಾಲ್ಲೂಕು ಟೈಪ್ ಮಾಡಿದ್ದೆ. ಸರ್ ಬೈಲಿಲ್ಲ. ಪಕ್ಕದಲ್ಲಿ ಕೂರಿಸ್ಕೊಂಡು "ನೋಡಮ್ಮ, ಇಲಾಖೆಯವ್ರು ತಾಲ್ಲೂಕಿಗೆ ಉತ್ತರ ಕೊಟ್ಟು ಕೈ ತೊಳ್ಕೋತಾರೆ, ಆ ಊರಿನವ್ರ ಕೆರೆ ಹಾಗೇ ಉಳಿಯತ್ತೆ" ಅಂದು ನೀಲಿ ಪೆನ್ಸಿಲಲ್ಲಿ ಊರಿನ ಹೆಸರು ಬರೆದ್ರು.

ಬೀಳ್ಕೊಡುಗೆ ಅಂದ್ರೆ ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಇದಿಷ್ಟು ಹೇಗೂ ಆಗತ್ತೆ. ಬೇಡ ಅಂತಲ್ಲ. ಆದ್ರೆ ಸದನದ ನಡವಳಿ ಪುಸ್ತಕದಲ್ಲಿ ಪುಟಪುಟಕ್ಕೂ ಅವ್ರ ಕೆಲ್ಸ ಇದೆ, ಹೆಸರು ಒಂದ್ಕಡೆನೂ ಇಲ್ಲ. ನಾವು 13 ಜನ ಇದೀವಿ, ತಲಾ ಸಾವಿರ ಹಾಕ್ತೀವಿ. ಏನ್ ಮಾಡಿದ್ರೆ ಅವ್ರ ಮನಸ್ಸಿಗೆ ಮುಟ್ಟತ್ತೆ?

ನಿವೃತ್ತ_ಗುಮಾಸ್ತ:
ತಾಯಿ, ಮೊದ್ಲು ಅವರ ಪಿಂಚಣಿ ಕಾಗದ ಎಲ್ಲಿಗೆ ಬಂದಿದೆ ನೋಡಿ, ಹಾರದ ವಿಷ್ಯ ಆಮೇಲೆ. ನಂಗೆ ನಮ್ ಆಫೀಸಲ್ಲಿ ಭರ್ಜರಿ ಸನ್ಮಾನ ಮಾಡಿದ್ರು, ಭಾಷಣ ಮಾಡಿದ್ರು, ಆದ್ರೆ ಸರ್ವೀಸ್ ರಿಜಿಸ್ಟರಲ್ಲಿ (ಎಸ್‌ಆರ್) ಒಂದು ಬಡ್ತಿ ನಮೂದು ಆಗಿರ್ಲಿಲ್ಲ ಅಂತ ಏಳು ತಿಂಗಳು ಅಲೆದೆ. ಎಷ್ಟೋ ಜನರ ರಿಜಿಸ್ಟರು ಬರೆದ ಕೈ ನಂದು, ನಂದನ್ನ ನೋಡೋರೇ ಇರ್ಲಿಲ್ಲ. ಆ ಶಾಲು ಇವತ್ತಿಗೂ ಹೊದ್ದಿಲ್ಲ, ನೋಡಿದ್ರೆ ಆ ಅಲೆದಾಟನೇ ನೆನಪಾಗತ್ತೆ. ನಿಮ್ ಸರ್ 2006ಕ್ಕಿಂತ ಮುಂಚೆ ಸೇರಿದೋರು, ಅಂದ್ರೆ ಹಳೇ ಪಿಂಚಣಿ. ಎಸ್‌ಆರ್ ಪೂರ್ತಿ ಇದೆಯಾ, ಎಜಿ (ಮಹಾಲೇಖಪಾಲರ) ಆಫೀಸಿಗೆ ಕಾಗದ ಹೋಗಿದೆಯಾ, ಬಾಕಿ ಏನೂ ಇಲ್ಲ ಅನ್ನೋ ಬೇಬಾಕಿ ಪತ್ರ ಆಗಿದೆಯಾ, ಗಳಿಕೆ ರಜೆ ಲೆಕ್ಕ, ಕೆಜಿಐಡಿ ಅಂದ್ರೆ ಸರ್ಕಾರಿ ವಿಮೆ, ಇಷ್ಟನ್ನೂ ನಿಮ್ಮಲ್ಲಿ ಒಬ್ರು ಹಿಂದೆ ಬಿದ್ದು ಮಾಡಿಸಿ. ಕೊನೇ ದಿನ ಒಂದು ಕವರಲ್ಲಿ ಎಲ್ಲಾ ಕಾಪಿ ಹಾಕಿ ಕೈಗೆ ಕೊಡಿ. ಅದಕ್ಕಿಂತ ದೊಡ್ಡ ಮರ್ಯಾದೆ ಒಬ್ಬ ನೌಕರನಿಗೆ ಇಲ್ಲ.

ಶೀಘ್ರಲಿಪಿ_ಮಗ:
ನಮ್ಮಮ್ಮ ಸದನದ ವರದಿಗಾರ್ತಿ ಆಗಿದ್ರು, ಶಾರ್ಟ್‌ಹ್ಯಾಂಡ್. ಸರದಿ ಪ್ರಕಾರ ಒಳಗೆ ಹೋಗಿ ಬರ್ಕೊಳ್ಳೋದು, ಹೊರಗೆ ಬಂದು ಬಿಡಿಸಿ ಟೈಪ್ ಮಾಡೋದು, ಅಷ್ಟ್ರಲ್ಲಿ ಮುಂದಿನ ಸರದಿ. ರಾತ್ರಿ ಹತ್ತರ ತನಕ ಕಲಾಪ ನಡೆದ್ರೆ ಹತ್ತರ ತನಕ ಅಮ್ಮನೂ ಅಲ್ಲೇ, ನಾವು ಪಕ್ಕದ್ಮನೆ ಆಂಟಿ ಹತ್ರ ಊಟ ಮಾಡಿ ಮಲಗ್ತಿದ್ವಿ. ನಿಜ ಹೇಳ್ತೀನಿ, ಚಿಕ್ಕೋನಿದ್ದಾಗ ಆ ಕಟ್ಟಡದ ಮೇಲೆ ನಂಗೆ ಕೋಪ ಇತ್ತು. ಅಮ್ಮ ಕೂರೋ ಜಾಗ ನಾನು ನೋಡಿದ್ದು ಅವರು ರಿಟೈರ್ ಆದ ದಿನ. ಸಭಾಧ್ಯಕ್ಷರ ಪೀಠದ ಕೆಳಗೆ ಪುಟ್ಟ ಮೇಜು, ಅಮ್ಮ ಅದರ ಅಂಚು ಸವರಿ "ಇಲ್ಲೇ ಕಣೋ" ಅಂದ್ರು. ನಂಗೆ ಮಾತೇ ಬರ್ಲಿಲ್ಲ. ದಯವಿಟ್ಟು ನಿಮ್ ಸರ್ ಮನೆಯವ್ರನ್ನ ಕರೀರಿ, ಬರೀ ಫಂಕ್ಷನ್‌ಗೆ ಅಲ್ಲ, ಅರ್ಧ ದಿನ ಮುಂಚೆ. ಪಾಸು ಮಾಡಿಸಿ ಟೇಬಲ್ಲು, ಬೀರು, ಅವ್ರು ಬರೆದ ರಿಜಿಸ್ಟರು ಎಲ್ಲಾ ತೋರ್ಸಿ. ಹೆಂಡ್ತಿ ಮಕ್ಕಳಿಗೆ ಆ 35 ವರ್ಷ ಎಲ್ಲಿ ಹೋಯ್ತು ಅಂತ ಕಣ್ಣಾರೆ ಗೊತ್ತಾಗ್ಲಿ.

ಕಲಾಪ_ನೋಡುಗ:
ಸಂವಿಧಾನದ 187ನೇ ವಿಧಿ ಪ್ರಕಾರ ಸದನಕ್ಕೆ ತನ್ನದೇ ಪ್ರತ್ಯೇಕ ಸಿಬ್ಬಂದಿ, ಆಳೋ ಪಕ್ಷದವ್ರಿಗೂ ವಿರೋಧ ಪಕ್ಷದವ್ರಿಗೂ ಒಂದೇ ಥರ ಕೆಲ್ಸ ಮಾಡ್ಕೊಡ್ಬೇಕಾದೋರು. ಮೇಲಿನ ಹುದ್ದೇಲಿರೋರಿಗೆ ಗೌರವ ಸಿಕ್ಕಿದೆ, ಲೋಕಸಭೆ ಕಾರ್ಯದರ್ಶಿ ಆಗಿದ್ದ ಎಂ.ಎನ್. ಕೌಲ್ ಅವ್ರನ್ನ ಆಮೇಲೆ ರಾಜ್ಯಸಭೆಗೆ ನಾಮನಿರ್ದೇಶನ ಮಾಡಿದ್ರು, ಅವ್ರ ನಂತರ ಬಂದ ಶಕ್ಧರ್ ಮುಖ್ಯ ಚುನಾವಣಾ ಆಯುಕ್ತರಾದ್ರು. ಶಾಖೇಲಿ ಕೂತು ತಿದ್ದೋರಿಗೆ ನೀವೇ ಮಾಡ್ಬೇಕು.

ಒಂದ್ ಐಡಿಯಾ. ಮೊಮೆಂಟೊ ದುಡ್ಡು ಉಳಿಸಿ ಒಂದು ಪುಸ್ತಕ ಬೈಂಡ್ ಮಾಡಿಸಿ, ನಿಮ್ಮ ಪ್ರಶ್ನೆ-ಉತ್ತರದ ನಮೂನೇಲೇ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಸದಸ್ಯರ ಹೆಸರು ಇರೋ ಕಡೆ ನಿಮ್ಮೊಬ್ಬೊಬ್ಬರ ಹೆಸರು, ಉತ್ತರಿಸುವವರು ಅನ್ನೋ ಕಡೆ ಸರ್ ಹೆಸರು. ಅವರಿಂದ ನೀವು ಏನು ಕಲಿತ್ರೋ ಅದನ್ನೇ ಪ್ರಶ್ನೆ ಮಾಡಿ ಬರೀರಿ, ಉತ್ತರದ ಕಾಲಂ ಖಾಲಿ ಬಿಡಿ, ಅವ್ರೇ ತುಂಬ್ಲಿ.

ನಿವೃತ್ತ_ಗುಮಾಸ್ತ:
ಚೆನ್ನಾಗಿದೆ. ಆದ್ರೆ ಅದರ ಮೇಲೆ ಸರ್ಕಾರದ ಲಾಂಛನ ಮಾತ್ರ ಹಾಕ್ಬೇಡಿ, ಖಾಸಗಿ ಕಾಗದಕ್ಕೆ ಬಳಸೋ ಹಾಗಿಲ್ಲ. ನಿಯಮ ಬಿಡದೆ ಬಾಳಿದ ಮನುಷ್ಯರು, ಅವ್ರ ಕಣ್ಣಿಗೆ ಮೊದ್ಲು ಬೀಳೋದೇ ಅದು.

ಪ್ರಶ್ನೆಶಾಖೆ_ಹುಡುಗಿ:
ಓದ್ತಾ ಓದ್ತಾ ಕಣ್ಣು ಒದ್ದೆ ಆಯ್ತು, ಎಲ್ರಿಗೂ ತುಂಬಾ ಥ್ಯಾಂಕ್ಸ್. ಬೆಳಿಗ್ಗೆ ಎಸ್‌ಆರ್ ವಿಚಾರಿಸ್ದೆ, ಗಳಿಕೆ ರಜೆ ಲೆಕ್ಕ ಎರಡು ವರ್ಷದ್ದು ಬಾಕಿ ಇದೆ, ನಾಳೆನೇ ಹಿಂದೆ ಬೀಳ್ತೀನಿ. ಸರ್ ಹೆಂಡ್ತಿ ಮೇಡಂಗೆ ಫೋನ್ ಮಾಡಿದ್ದೆ, ಮೊಮ್ಮಗಳನ್ನೂ ಕರ್ಕೊಂಡ್ ಬರ್ತಾರಂತೆ. ಪುಸ್ತಕಕ್ಕೆ ಎಲ್ರೂ ಒಪ್ಪಿದಾರೆ, ಲಾಂಛನ ಇಲ್ಲ. ಪೆನ್ಸಿಲ್ ಒಂದು ಡಬ್ಬಿ ಹೊಸದು ಇಡ್ತೀವಿ, ಉತ್ತರ ಅದರಲ್ಲೇ ಬರೀಲಿ. ಮೊದಲನೇ ಪ್ರಶ್ನೆ ನಂದು, ಕೆರೇದು. ಊರಿನ ಹೆಸರು ಹಾಕಿದೀನಿ.